ಹಗ್ಗದ ಮೊದಲ ಜಾಗ

ಅಪ್ಪನ ಹೆಸರಿನ ಕೆಳಗೆ ಒಂದೇ ಒಂದು ಪದ ಬರೆದಿತ್ತು. ಅವಿವಾಹಿತ.

ಮೊಂಡಿ ಅದನ್ನು ಮತ್ತೆ ಓದಿದಳು. ಮೀನು ಕೊಯ್ದು ಬಂದಿದ್ದಳು, ಕೈ ಇನ್ನೂ ನಾರುತ್ತಿತ್ತು, ಅದಕ್ಕೇ ಹಾಳೆ ಮುಟ್ಟಬೇಡ ಎಂದು ಕನ್ನಡಕದಣ್ಣ ಮೊದಲೇ ಹೇಳಿದ್ದ. ದೊಡ್ಡಪ್ಪನ ಮನೆಯ ನಡುಕೋಣೆಯ ಮೇಜಿನ ಮೇಲೆ ಅವನು ಅದನ್ನು ಹರಡಿ, ಮೂಲೆಗಳು ಸುರುಳಿಯಾಗದಂತೆ ಬಲೆಯ ಸೀಸದ ಗುಂಡು ಇಟ್ಟಿದ್ದ. ವಂಶವೃಕ್ಷ. ತುದಿಯಲ್ಲಿ ಮುತ್ತಜ್ಜ, ಅವನ ಕೆಳಗೆ ಅಜ್ಜ, ಅಜ್ಜನಿಂದ ಎರಡು ಕೊಂಬೆ. ಒಂದು ಕೊಂಬೆಯಲ್ಲಿ ದೊಡ್ಡಪ್ಪ, ಅವನ ಕೆಳಗೆ ಕನ್ನಡಕದಣ್ಣ, ಅವನ ಕೆಳಗೆ ಇನ್ನೂ ಹಲ್ಲು ಬಾರದ ಅವನ ಕೂಸು. ಇನ್ನೊಂದು ಕೊಂಬೆಯಲ್ಲಿ ಮೊಂಡಿಯ ಅಪ್ಪ. ಆ ಕೊಂಬೆ ಅಲ್ಲಿಗೇ ಮುಗಿದಿತ್ತು.

"ಏನಣ್ಣ ಇದು?"

"ಯಾವುದು?"

"ಅವಿವಾಹಿತ ಅಂತ ಬರೆದಿದೀಯಲ್ಲ. ಹಾಗಾದ್ರೆ ನಾನೇನು ಆಕಾಶದಿಂದ ಉದುರಿದ್ನಾ?"

ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ. ಕೇರಿಯಲ್ಲಿ ಮೊದಲು ಕನ್ನಡಕ ಹಾಕಿದವನು ಅವನೇ. ಪೇಟೆಯ ಟೈಪಿಂಗ್ ಅಂಗಡಿಯಲ್ಲಿ ಕೂತು ಅರ್ಜಿ ಬರೆಯುತ್ತಾನೆ. ಅರ್ಧ ಕೇರಿಯ ವಂಶವೃಕ್ಷ ಬರೆದುಕೊಟ್ಟವನೂ ಅವನೇ. ಉತ್ತರ ಕೊಡಲು ಮನಸ್ಸಿಲ್ಲದಾಗಲೆಲ್ಲ ಅವನ ಕನ್ನಡಕಕ್ಕೆ ಧೂಳು ಹಿಡಿಯುತ್ತದೆ.

ಈ ಕೇರಿ ಎಷ್ಟು ಹಳೆಯದು ಅಂತ ಯಾರಿಗೂ ಗೊತ್ತಿಲ್ಲ. ದೋಣಿ ಕಟ್ಟಿದವರು ದೋಣಿಯ ಪಕ್ಕದಲ್ಲೇ ಮನೆ ಕಟ್ಟಿಕೊಂಡರು. ಮನೆಗಳಿಗೆ ಕಾಗದವಿರಲಿಲ್ಲ, ಕೇಳುವವರೂ ಇರಲಿಲ್ಲ. ಈಗ ಹಿಂದುಗಡೆ ದೊಡ್ಡ ರಸ್ತೆ ಬರುತ್ತದೆ ಅಂದ ಮೇಲೆ ಸರಕಾರಕ್ಕೆ ಕೇರಿಯ ನೆನಪಾಯಿತು. ಮೊದಲು ಮನೆ ಕಟ್ಟಿದವರ ವಾರಸುದಾರರಿಗೆ ಹಕ್ಕುಪತ್ರ ಕೊಡುತ್ತಾರಂತೆ. ಮರದಲ್ಲಿ ಹೆಸರಿದ್ದವರಿಗೆ ನೆಲ. ಇಲ್ಲದವರು ಗಂಟುಮೂಟೆ ಕಟ್ಟಬೇಕು. ಮೊಂಡಿ ಇರುವುದು ದೊಡ್ಡಪ್ಪನ ಮನೆಗೆ ಅಂಟಿಕೊಂಡ ಹಿಂದಿನ ಕೋಣೆಯಲ್ಲಿ. ಅಪ್ಪ ಅಮ್ಮ ಸಂಸಾರ ಮಾಡಿದ ಕೋಣೆ. ಈಗ ಅರ್ಧ ಕೋಣೆ ಹರಿದ ಬಲೆಗಳಿಗೆ, ಇನ್ನರ್ಧ ಅವಳಿಗೆ. ಹಿಂಬಾಗಿಲು ತೆರೆದರೆ ಹೊಸ ರಸ್ತೆಗೆ ನೆಟ್ಟ ಗುರುತಿನ ಕಲ್ಲು ಕಾಣುತ್ತದೆ. ಕನ್ನಡಕದಣ್ಣನಿಗೆ ಅದೇ ಕಲ್ಲಿನ ಪಕ್ಕ ಅಂಗಡಿಯ ಸಾಲು ಕಾಣುತ್ತದೆ.

"ನೋಡು, ಬೇಜಾರು ಮಾಡ್ಕೋಬೇಡ," ಎಂದ. "ಚಿಕ್ಕಪ್ಪನ ಮದುವೆಗೆ ದಾಖಲೆ ಏನಿದೆ? ರಿಜಿಸ್ಟರ್ ಇದೆಯಾ? ಫೋಟೋ ಇದೆಯಾ? ಆಫೀಸಿನವರು ಕೇಳಿದ್ರೆ ನಾನೇನು ತೋರಿಸ್ಲಿ?"

"ನಿಮ್ಮಪ್ಪನ ಮದುವೆಗೆ ಇದೆಯಾ?"

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ದೊಡ್ಡಪ್ಪ ಕೆಮ್ಮಿದ. ದೋಣಿಯ ಒಡೆಯ ಅವನು. ಸಮುದ್ರಕ್ಕಿಳಿಯುವುದನ್ನು ಬಿಟ್ಟು ಬಹಳ ವರ್ಷವಾಯಿತು. ಬಾಗಿಲ ಬಳಿ ಈರುಳ್ಳಿ ಹೆಚ್ಚುತ್ತಿದ್ದ ದೊಡ್ಡಮ್ಮ ತಲೆ ಎತ್ತಲಿಲ್ಲ.

"ನಿನ್ನನ್ನ ಯಾರಾದ್ರೂ ಹೊರಗೆ ಹಾಕ್ತೀವಿ ಅಂದ್ವಾ?" ದೊಡ್ಡಪ್ಪ ಕೇಳಿದ. "ಇರೋವಷ್ಟು ದಿನ ಇರು. ಒಂದು ಸಹಿ ಹಾಕು, ಅಷ್ಟೇ. ನಾಳೆ ಅಳತೆಯ ಸಾಹೇಬ್ರು ಬರ್ತಾರೆ."

ಕನ್ನಡಕದಣ್ಣ ಇನ್ನೊಂದು ಕಾಗದ ಮುಂದಿಟ್ಟ. ಟೈಪು ಮಾಡಿದ್ದು, ಬೆಣ್ಣೆಯಲ್ಲಿ ಕೂದಲು ತೆಗೆದಂಥ ಭಾಷೆ. ನನ್ನ ತಾಯಿ ಸದರಿ ಮನೆಯಲ್ಲಿ ಕೂಲಿ ಕೆಲಸಕ್ಕಿದ್ದಳು. ಸದರಿ ಮನೆತನಕ್ಕೂ ನನಗೂ ಯಾವುದೇ ಸಂಬಂಧವಿಲ್ಲ. ಸದರಿಯವರ ದಯೆಯಿಂದ ನಾನು ಇಲ್ಲಿ ವಾಸವಿದ್ದೇನೆ.

ದಯೆಯಿಂದ.

ಅವಳ ಅಮ್ಮ ಉಪ್ಪಿನ ಮಡಿಗಳಲ್ಲಿ ಕೂಲಿ ಮಾಡುತ್ತಿದ್ದವಳು, ಅದು ನಿಜ. ಅಂಗಾಲು ಬಿರಿದು ಬಿಳಚಿಕೊಂಡಿದ್ದ ಹುಡುಗಿಯನ್ನು ಅಪ್ಪ ದೋಣಿಯಲ್ಲಿ ಕೂರಿಸಿಕೊಂಡು ಬಂದ. ಮನೆಯವರು ಮಾತಾಡಿಸಲಿಲ್ಲ. ದೊಡ್ಡಮ್ಮ ಅವಳು ಕುಡಿದ ಲೋಟ ಬೇರೆ ಇಟ್ಟಳು. ಮಾತಾಡಿದವಳು ಅಪ್ಪನ ತಾಯಿ, ಅಜ್ಜಿಯೊಬ್ಬಳೇ, ಅದೂ ಬಾಯಿಂದಲ್ಲ, ಹಗ್ಗದಿಂದ.

ಈ ದಂಡೆಯಲ್ಲಿ ದೋಣಿ ಬಂದರೆ ಗಂಡಸರು ಎದೆಮಟ್ಟದ ನೀರಲ್ಲಿ ನಿಂತು ಹಿಂದಿನಿಂದ ನೂಕುತ್ತಾರೆ, ಹೆಂಗಸರು ಮುಂದಿನಿಂದ, ದೋಣಿಗೆ ಮುಖ ಮಾಡಿ, ಎಳೆಯುತ್ತಾರೆ. ಅಡಿಯಲ್ಲಿ ಎಣ್ಣೆ ಸವರಿದ ಉರುಳುದಿಮ್ಮಿಗಳು. ದೋಣಿಯ ಮೂತಿಗೆ ಕಟ್ಟಿದ ದಪ್ಪ ಹಗ್ಗದಲ್ಲಿ ಒಂದೊಂದು ಮನೆಗೆ ಒಂದೊಂದು ಜಾಗ. ಮೂತಿಗೆ ಹತ್ತಿರದ ಮೊದಲ ಜಾಗ ಒಡೆಯನ ಮನೆಯ ಹೆಂಗಸಿನದು. ಮರ್ಯಾದೆಯ ಜಾಗ ಅಂತಾರೆ. ಏನು ಮರ್ಯಾದೆ! ದಿಮ್ಮಿ ಜಾರಿದರೆ, ಅಲೆ ಪಕ್ಕದಿಂದ ಹೊಡೆದರೆ, ಮೂತಿ ತಿರುಗಿ ಮೊದಲು ಬಡಿಯುವುದು ಅವಳಿಗೆ. ಅವಳು ಕಾಲೂರಿ ತಡೆದರೆ ಹಿಂದಿನವರು ಉಳಿಯುತ್ತಾರೆ. ಅದಕ್ಕೇ ಮೊದಲ ಜಾಗ ಖಾಲಿಯಿದ್ದರೆ ಯಾರೂ ಹಗ್ಗ ಎತ್ತುವುದಿಲ್ಲ. ಬೇರೆ ಮನೆಯವರು ಅಲ್ಲಿ ನಿಲ್ಲುವುದೂ ಇಲ್ಲ. ಇನ್ನೊಬ್ಬರ ದೋಣಿಗೆ ತನ್ನ ಸೊಂಟ ಪುಕ್ಕಟೆ ಕೊಡುವವರು ಯಾರಿದ್ದಾರೆ?

ಒಂದು ಬೆಳಿಗ್ಗೆ ಅಜ್ಜಿ ಆ ಜಾಗದಿಂದ ಹಿಂದೆ ಸರಿದಳು. ಹಗ್ಗ ಎತ್ತಿ ಅಮ್ಮನ ಬಲಭುಜದ ಮೇಲಿಟ್ಟಳು. ಇಡೀ ದಂಡೆ ನೋಡಿತು. ಸೊಸೆ ಅಂತ ಒಪ್ಪಿಕೊಳ್ಳುವುದಕ್ಕೆ ಆ ದಂಡೆಯಲ್ಲಿ ಅದಕ್ಕಿಂತ ದೊಡ್ಡ ಮಾತಿರಲಿಲ್ಲ. ಹಿರಿಯ ಸೊಸೆ ದೊಡ್ಡಮ್ಮನಿಗೆ ಮರುದಿನದಿಂದಲೇ ಸೊಂಟನೋವು ಶುರುವಾಯಿತು, ಇವತ್ತಿಗೂ ವಾಸಿಯಾಗಿಲ್ಲ. ಮೊಂಡಿ ಅಂಬೆಗಾಲಿಡುವಾಗ ಒಂದು ಮಳೆಯಲ್ಲಿ ದೋಣಿ ಬಂತು, ಅಪ್ಪ ಬರಲಿಲ್ಲ. ಹೆಣವೂ ಸಿಗಲಿಲ್ಲ. ಅಮ್ಮ ಮಾರನೆಯ ಬೆಳಿಗ್ಗೆಯೂ ಹಗ್ಗಕ್ಕೆ ಬಂದಳು. ಅವಳ ರವಿಕೆಗಳೆಲ್ಲ ಬಲಭುಜದಲ್ಲೇ ಹರಿಯುತ್ತಿದ್ದವು. ಆಮೇಲಾಮೇಲೆ ಹೊಸ ರವಿಕೆ ಸಿಕ್ಕಿದರೂ ತೊಡುವ ಮೊದಲೇ ಅಲ್ಲಿಗೊಂದು ತೇಪೆ ಹಾಕಿಕೊಳ್ಳುತ್ತಿದ್ದಳು.

ಒಂದು ದಿನ ದಿಮ್ಮಿ ಜಾರಿತು. ಹಿಂದಿನ ಹೆಂಗಸರೆಲ್ಲ ಉಳಿದರು. ಅಮ್ಮನ ಸೊಂಟ ಮುರಿಯಿತು. ಬಲೆಯ ಕೋಣೆಯಲ್ಲಿ ಬಲೆಗಳ ಮೇಲೇ ಮಲಗಿ, ಮಗ್ಗುಲು ಹೊರಳಲಾರದೆ, ಬೆನ್ನು ಕೊಳೆತು ಸತ್ತಳು. ಮಾರನೆಯ ಬೆಳಿಗ್ಗೆ ದೊಡ್ಡಪ್ಪ ಆ ಕೋಣೆಯ ಬಾಗಿಲಿಗೆ ಬಂದ. ಅಷ್ಟು ಮೃದುವಾಗಿ ಅವನು ಮಾತಾಡಿದ್ದನ್ನು ಮೊಂಡಿ ಹಿಂದೆ ಕೇಳಿರಲಿಲ್ಲ. "ಏಳು ಮಗಳೇ. ದೋಣಿ ಬಂದಿದೆ. ಮನೆಯ ಜಾಗ ಖಾಲಿ ಇರಬಾರದು" ಅಂದಿದ್ದ.

ಅವತ್ತು ಎದ್ದವಳು ಇನ್ನೂ ಕೂತಿಲ್ಲ.

"ಸಹಿ ಹಾಕಲ್ಲ," ಎಂದಳು ಈಗ.

"ಯೋಚನೆ ಮಾಡು."

"ಮಾಡಿದೆ. ಹಾಕಲ್ಲ."

"ಅನ್ನ ಹಾಕಿದ ಮನೆಗೇ ಎರಡು ಬಗೀತೀಯಾ?" ದೊಡ್ಡಮ್ಮನ ಬಾಯಿ ಈಗ ತೆರೆಯಿತು.

"ಯಾರು ಯಾರಿಗೆ ಅನ್ನ ಹಾಕಿದ್ದು ದೊಡ್ಡಮ್ಮ? ನಿಮ್ಮ ಪಾಲಿನ ಹಗ್ಗವನ್ನೂ ನಮ್ಮಮ್ಮನೇ ಎಳೆದ್ಲು. ನಿಮ್ಮ ಸೊಂಟ ನಿಮ್ಮ ಹತ್ರಾನೇ ಇದೆ. ಅವಳದ್ದು ಎಲ್ಲಿ?"

ದೊಡ್ಡಪ್ಪ ಎದ್ದು ನಿಂತ. "ಉಪ್ಪು ಹೆರೆಯೋಳ ಮಗಳು ನನ್ನ ಮನೇಲಿ ನಿಂತು ಲೆಕ್ಕ ಕೇಳ್ತಾಳೆ. ನಡಿ ಆಚೆ."

ಮರುದಿನ ಬೆಳಿಗ್ಗೆ ಅವಳ ಪಾತ್ರೆ, ಚಾಪೆ, ಬಟ್ಟೆಯ ಗಂಟು ಅಂಗಳದಲ್ಲಿದ್ದವು. ಅವಳು ಹಿಂದಿನ ದಿನದ ಮೀನು ಮಾರಲು ಪೇಟೆಗೆ ಹೋಗಿ ಬರುವುದರೊಳಗೆ ಕೆಲಸ ಮುಗಿಸಿದ್ದರು. ಕೋಣೆಗೆ ಹೊಸ ಬೀಗ. ಅಮ್ಮನ ತೇಪೆಯ ರವಿಕೆಯೊಂದನ್ನು ಅವಳು ಜೋಪಾನವಾಗಿ ಇಟ್ಟುಕೊಂಡಿದ್ದಳು. ಅದು ಕೋಳಿಗಳ ಕಾಲಡಿ ಬಿದ್ದಿತ್ತು. ಮೊಂಡಿ ಅದನ್ನು ಎತ್ತಿ ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಳು ಬರಲಿಲ್ಲ, ಸಿಟ್ಟು ಬಂತು.

ಅಷ್ಟರಲ್ಲಿ ಅಳತೆಯ ಸಾಹೇಬ ಬಂದಿದ್ದ. ಬೂಟಿನೊಳಗೆ ಮರಳು ಹೋದದ್ದಕ್ಕೆ ಮುಖ ಸಿಂಡರಿಸಿಕೊಂಡಿದ್ದ, ಕೆಟ್ಟವನೇನಲ್ಲ, ಬೇಗ ಮುಗಿಸಿ ಹೋಗುವ ಆತುರದವನು. ಕನ್ನಡಕದಣ್ಣ ಅವನ ಹಿಂದೆ ಟೇಪು ಹಿಡಿದು ಓಡಾಡುತ್ತಿದ್ದ.

"ಈ ಕೋಣೆಯಲ್ಲಿ ಯಾರಿದಾರೆ?" ಸಾಹೇಬ ಕೇಳಿದ.

"ಬಲೆ ಇಡೋ ಕೋಣೆ ಸರ್. ಯಾರೂ ಇಲ್ಲ."

"ನಾನಿದೀನಿ," ಎಂದಳು ಮೊಂಡಿ. "ಇವನ ಚಿಕ್ಕಪ್ಪನ ಮಗಳು. ಬೀಗ ಇವತ್ತು ಹಾಕಿದ್ದು."

ಸಾಹೇಬ ವಂಶವೃಕ್ಷದ ಹಾಳೆ ನೋಡಿದ. "ಇದರಲ್ಲಿ ಹಾಗೆ ಇಲ್ವಲ್ಲಮ್ಮ."

"ಕೇರಿಯವರನ್ನ ಕೇಳಿ."

ಸಾಹೇಬ ಕೇಳಿದ. ಬೇಲಿಯಾಚೆ ನಿಂತಿದ್ದವರೆಲ್ಲ ನೆಲ ನೋಡಿದರು. ಎಲ್ಲರ ಹಾಳೆಗೂ ದೊಡ್ಡಪ್ಪನ ಸಾಕ್ಷಿ ಸಹಿ ಬೇಕಿತ್ತು. ದೋಣಿ ಎಳೆಯುವಾಗ ಹಗ್ಗಕ್ಕೆ ಕೂಗು ಹಾಕುವ, ಕೇರಿಯ ಬೊಬ್ಬೆ ಅಜ್ಜಿಯೂ ಇದ್ದಳು. ಅವಳ ಗಂಟಲು ಅಲೆಯ ಸದ್ದನ್ನೂ ಮೀರಿ ಕೇಳಿಸುತ್ತದೆ. ಈಗ ಅವಳೂ ಬಾಯಿಗೆ ಬೀಗ ಹಾಕಿಕೊಂಡಳು. ಮೊಂಡಿ ಅವಳನ್ನೇ ನೋಡಿದಳು. ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು ಬೇರೆ ಕಡೆ ತಿರುಗಿದಳು. ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಅದರಿಂದ.

"ಸಾಕ್ಷಿ ಇಲ್ಲದೆ ನಾನೇನು ಮಾಡ್ಲಿ?" ಸಾಹೇಬ ಅಂದ. "ಬೇಕಾದ್ರೆ ತಕರಾರು ಅರ್ಜಿ ಕೊಡಿ."

ಅರ್ಜಿ ಬರೆಯುವವನು ಟೇಪು ಹಿಡಿದು ಪಕ್ಕದಲ್ಲೇ ನಿಂತಿದ್ದ.

ಆಗ ದಂಡೆಯಿಂದ ಕೂಗು ಬಂತು. ದೋಣಿ ಬಂದಿತ್ತು, ಬರಬಾರದ ಹೊತ್ತಿನಲ್ಲಿ ಬಂದಿತ್ತು. ಗಾಳಿ ತಿರುಗಿ ಸಮುದ್ರ ಮೈಮೇಲೆ ಬಂದವರಂತೆ ಎಗರಾಡುತ್ತಿತ್ತು. ದೊಡ್ಡಪ್ಪನ ದೋಣಿ ಮೀನು ತುಂಬಿಕೊಂಡು ಭಾರವಾಗಿ, ದಡಕ್ಕೆ ಮೂತಿ ಊರಿ, ಹಿಂದುಗಡೆ ಅಲೆಯ ಪೆಟ್ಟು ತಿನ್ನುತ್ತಿತ್ತು. ಬೇಗ ಎಳೆಯದಿದ್ದರೆ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿ ಸೌದೆಗೆ ಸಮ.

ಎಲ್ಲರೂ ಓಡಿದರು. ದಿಮ್ಮಿ ಹಾಕಿದರು. ಹೆಂಗಸರು ಅವರವರ ಜಾಗಕ್ಕೆ ಬಂದರು. ಹಗ್ಗ ಮರಳಿನ ಮೇಲೆ ಬಿದ್ದಿತ್ತು. ಮೊದಲ ಜಾಗ ಖಾಲಿ.

ಮೊಂಡಿ ದೂರದಲ್ಲಿ ತನ್ನ ಗಂಟಿನ ಮೇಲೆ ಕೂತಿದ್ದಳು. ಕಾಲು ತಾನಾಗಿ ಎದ್ದು ಓಡಲು ನೋಡಿತು, ಇಷ್ಟು ವರ್ಷದ ಚಾಳಿ. ತೊಡೆ ಒತ್ತಿ ಹಿಡಿದುಕೊಂಡಳು.

"ಏ ಮೊಂಡಿ!" ದೊಡ್ಡಪ್ಪ ಕಿರುಚಿದ. "ಕಿವಿ ಕೇಳಿಸಲ್ವಾ? ಬಾರೇ!"

ಅವಳು ಎದ್ದು ಹತ್ತಿರ ಬಂದಳು. ಹಗ್ಗದಿಂದ ಆಚೆಗೇ ನಿಂತಳು. "ಯಾರನ್ನ ಕರೀತಿದೀರಿ?"

"ನಿನ್ನನ್ನೇ!"

"ಅದು ಮನೆಯವರ ಜಾಗ. ನಾನು ಯಾರು?"

"ಈಗ ಮಾತಾಡೋ ಹೊತ್ತಾ?"

"ನೀವು ಮದುವೆಯಾಗದವನ ಮಗಳನ್ನ ಕರೀತಿದೀರಿ ದೊಡ್ಡಪ್ಪ. ಅಂಥೋಳು ಹಾಳೆಯಲ್ಲಿ ಇಲ್ಲ. ಹಾಳೆಯಲ್ಲಿ ಇರೋರನ್ನ ಕರೀರಿ."

ಅಲೆ ಬಡಿಯಿತು. ದೋಣಿಯ ಪಕ್ಕೆ ಕಿರ್ರೆಂದಿತು. ನೀರಲ್ಲಿದ್ದ ಚುಕ್ಕಾಣಿಯವನು ಕೂಗಿದ, "ಎಳೀರೋ! ಏನು ನೋಡ್ತಿದೀರಿ? ನಮ್ಮ ಕೈ ಬಿದ್ದುಹೋಗ್ತಿದೆ!"

ಆ ನೀರಲ್ಲಿ ಇದ್ದವರು ಅವಳ ಶತ್ರುಗಳಲ್ಲ. "ಬಿಟ್ಟು ಮೇಲೆ ಬನ್ನಿ ಅಣ್ಣಂದಿರಾ," ಎಂದು ಕೂಗಿದಳು. "ಮುರಿದ್ರೆ ಒಡೆಯನ ದೋಣಿ ಮುರೀಲಿ. ನಿಮ್ಮ ಎದೆ ಯಾಕೆ ಮುರ್ಕೋತೀರಿ?"

ದೊಡ್ಡಪ್ಪ ಹೆಂಗಸರ ಕಡೆ ತಿರುಗಿದ. "ಯಾರಾದ್ರೂ ಒಬ್ಬರು ಮುಂದೆ ನಿಲ್ರೇ!"

ಯಾರೂ ಅಲುಗಲಿಲ್ಲ. ಎರಡನೇ ಜಾಗದಲ್ಲಿದ್ದವಳು ಚುಕ್ಕಾಣಿಯವನ ಹೆಂಡತಿ. ಗಂಡ ನೀರಲ್ಲಿ ಮುಳುಗೇಳುವುದು ಅವಳಿಗೆ ಕಾಣುತ್ತಿತ್ತು, ತುಟಿ ಕಚ್ಚಿಕೊಂಡಿದ್ದಳು. ಆದರೂ ಮುಂದೆ ಹೋಗಲಿಲ್ಲ. ಮೊಂಡಿಯ ಅಮ್ಮನ ಸೊಂಟ ಮುರಿದ ಸದ್ದು ಕೇಳಿದವಳು ಅವಳು.

ಆಗ ಬೊಬ್ಬೆ ಅಜ್ಜಿಯ ಗಂಟಲು ಬಿಚ್ಚಿತು. "ಬೇರೆಯವರು ಯಾಕೆ ನಿಲ್ತಾರೆ? ನಿನ್ನ ಮಗ ಇದಾನಲ್ಲ. ಮರದಲ್ಲಿ ದೊಡ್ಡಕ್ಷರದಲ್ಲಿ ಹೆಸರು ಬರ್ಕೊಂಡಿದಾನೆ. ಬರ್ಲಿ, ಹಗ್ಗಕ್ಕೂ ಬರ್ಲಿ!"

ಕನ್ನಡಕದಣ್ಣನ ಕನ್ನಡಕಕ್ಕೆ ಮತ್ತೆ ಧೂಳು ಹಿಡಿಯಿತು.

"ನಮ್ಮ ಮನೆ ಮರಾನೂ ಇವನೇ ಬರೆದ," ಅಜ್ಜಿ ಸಾಹೇಬನ ಕಡೆ ತಿರುಗಿದಳು. "ನನಗೆ ಮೂರು ಹೆಣ್ಣು ಸಾಹೇಬ್ರೇ. ಒಂದನ್ನೂ ಹಾಕಿಲ್ಲ. ಹೆಣ್ಣುಮಕ್ಕಳು ಇಲ್ಲ ಅಂತ ಬರೆದಿದಾನೆ. ನಾನು ಹೆತ್ತಿದ್ದು ಮೀನಿನ ಮರಿಗಳಾ? ನಾನೂ ಬಾಯಿ ಮುಚ್ಕೊಂಡಿದ್ದೆ, ಥೂ ನನ್ನ ಬಾಯಿಗೆ! ಈಗ ಹೇಳ್ತೀನಿ ಕೇಳಿ. ಇವಳ ಅಮ್ಮ ಈ ಮನೆ ಸೊಸೆ. ಅತ್ತೆ ಕೈಯಾರೆ ಅವಳ ಹೆಗಲಿಗೆ ಹಗ್ಗ ಹಾಕಿದ್ದನ್ನ ನಾನು ಇದೇ ಜಾಗದಲ್ಲಿ ನಿಂತು ನೋಡಿದೀನಿ."

"ನಾನೂ ನೋಡಿದೀನಿ," ಎಂದಳು ಇನ್ನೊಬ್ಬಳು.

"ನಾನೂ."

ದೊಡ್ಡಪ್ಪ ಯಾರನ್ನೂ ನೋಡಲಿಲ್ಲ. ಪಂಚೆ ಎತ್ತಿ ಕಟ್ಟಿದ. ನೇರ ಹೋಗಿ ಮೊದಲ ಜಾಗದಲ್ಲಿ ನಿಂತು ಹಗ್ಗ ಎತ್ತಿ ಭುಜಕ್ಕೆ ಹಾಕಿಕೊಂಡ. "ಎಳೀರಿ!"

ಹೆಂಗಸರು ಹಗ್ಗದಿಂದ ಒಂದು ಹೆಜ್ಜೆ ಹಿಂದೆ ಸರಿದರು. ಒಬ್ಬೊಬ್ಬರಾಗಿ, ಸದ್ದಿಲ್ಲದೆ. ಅವನು ಎಳೆದ, ಒಬ್ಬನೇ ಎಳೆದ. ಕತ್ತಿನ ನರ ಉಬ್ಬಿತು. ದೋಣಿ ಮಿಸುಕಲಿಲ್ಲ. ಇನ್ನೊಂದು ಅಲೆಗೆ ಮೂತಿ ಪಕ್ಕಕ್ಕೆ ಹೊರಳಿ ಅವನ ಮೊಣಕಾಲಿನ ಹತ್ತಿರಕ್ಕೆ ಬಂತು. ಹಗ್ಗ ಬಿಡದೆಯೇ ಅವನು ಬೆಚ್ಚಿ ಹಿಂದೆ ನೆಗೆದ. ಆ ಜಾಗದಿಂದ ಸಮುದ್ರ ಹೇಗೆ ಕಾಣುತ್ತದೆಂದು ಅವನಿಗೆ ಈ ವಯಸ್ಸಿನಲ್ಲಿ ಗೊತ್ತಾಯಿತು.

"ಬಾ ಮಗಳೇ," ಎಂದ. ದನಿ ಮೃದುವಾಗಿತ್ತು. "ಮನೆಯ ಜಾಗ ಖಾಲಿ ಇರಬಾರದು."

ಮೊಂಡಿಗೆ ಆ ದನಿಯ ಗುರುತು ಸಿಕ್ಕಿತು. ಮೈ ಉರಿಯಿತು.

"ಈ ಮಾತಿಗೇ ಅವತ್ತು ಎದ್ದು ಬಂದೆ. ಅಮ್ಮನ ಬಟ್ಟೆ ಇನ್ನೂ ಒಣಗಿರಲಿಲ್ಲ. ಇವತ್ತು ಬರಲ್ಲ. ಯಾರ ಮಗಳು ಅಂತ ಹೇಳಿ. ಅಲ್ಲಿ ಸಾಹೇಬ್ರಿದಾರೆ, ಅವರಿಗೆ ಕೇಳಿಸೋ ಹಾಗೆ ಹೇಳಿ."

"ಅಪ್ಪಾ, ಬೇಡ!" ಕನ್ನಡಕದಣ್ಣ ಓಡಿ ಬಂದ. "ಹೇಳಿದ್ರೆ ಮುಗೀತು, ರಸ್ತೆ ಪಕ್ಕದ ಜಾಗ ಹೋಯ್ತು!"

"ದೋಣಿ ಹೋಗ್ತಿದೆಯಲ್ಲೋ!"

"ಹೋಗ್ಲಿ ಬಿಡಿ ಅಪ್ಪಾ, ದೋಣಿ ಇನ್ನೊಂದು ಬರುತ್ತೆ!"

ದೊಡ್ಡಪ್ಪ ಮಗನ ಮುಖ ನೋಡಿದ. ಆ ದೋಣಿಯನ್ನು ಅವನೂ ತಮ್ಮನೂ ಕೂಡಿ ಕಟ್ಟಿದ್ದರು, ಒಬ್ಬ ಹಲಗೆ ಹಿಡಿದರೆ ಒಬ್ಬ ಮೊಳೆ ಹೊಡೆದಿದ್ದ. ಅವನು ನೆನಪಿಸಿಕೊಂಡದ್ದು ಅದನ್ನೋ, ಅಥವಾ ಒಳಗಿದ್ದ ಮೀನನ್ನೋ, ದೇವರಿಗೇ ಗೊತ್ತು. ಹಲಗೆಯೊಂದು ಸೀಳಿದ ಸದ್ದು ಕೇಳಿತು.

"ನನ್ನ ತಮ್ಮನ ಮಗಳು," ಎಂದ.

"ಇನ್ನೂ ಜೋರಾಗಿ."

"ನನ್ನ ತಮ್ಮನ ಮಗಳು! ಅವನ ಹೆಂಡತಿ ಹೊಟ್ಟೇಲಿ ಹುಟ್ಟಿದ ಮಗಳು!"

"ಸಾಹೇಬ್ರೇ, ಕೇಳಿಸ್ತಾ? ಬರ್ಕೊಳ್ಳಿ."

ಸಾಹೇಬ ಅತ್ತಿತ್ತ ನೋಡಿದ. ಆಫೀಸಿನಲ್ಲಿ ಬರೆಯುತ್ತೇನೆ ಅನ್ನುವ ಮಾತು ಅವನ ಬಾಯಿಗೆ ಬಂದಿತ್ತೇನೋ. ಹಗ್ಗದ ಉದ್ದಕ್ಕೂ ನಿಂತ ಹೆಂಗಸರು ಅವನನ್ನೇ ನೋಡುತ್ತಿದ್ದರು. ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಅವಿವಾಹಿತ ಎಂಬುದರ ಮೇಲೆ ಗೆರೆ ಎಳೆದ. "ನಿಮ್ಮಮ್ಮನ ಹೆಸರೇನಮ್ಮ?"

ಮೊಂಡಿ ಹೇಳಿದಳು. ಆ ಹೆಸರನ್ನು ದಂಡೆಯಲ್ಲಿ ಯಾರೂ ಕೂಗಿ ಎಷ್ಟೋ ಕಾಲವಾಗಿತ್ತು. ಎಲ್ಲರೂ ಅವಳನ್ನು ಉಪ್ಪಿನವಳು ಅನ್ನುತ್ತಿದ್ದರು. ಸಾಹೇಬ ಬರೆದ. ಅದರ ಕೆಳಗೆ ಮಗಳ ಹೆಸರು ಬರೆದ. ಬೊಬ್ಬೆ ಅಜ್ಜಿಯೂ ಮತ್ತಿಬ್ಬರೂ ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತಿದರು.

"ಇದೆಲ್ಲ ನಿಲ್ಲಲ್ಲ," ಕನ್ನಡಕದಣ್ಣ ಹಲ್ಲು ಕಡಿದ. "ಒತ್ತಾಯದಿಂದ ಹೇಳಿಸಿದ್ದು ಅಂತ ನಾಳೆನೇ ತಕರಾರು ಹಾಕ್ತೀನಿ."

"ಹಾಕು," ಎಂದಳು ಮೊಂಡಿ. "ನಾಳೆನೂ ದೋಣಿ ಬರುತ್ತೆ."

ಅವಳು ಬಂದಳು. ದೊಡ್ಡಪ್ಪ ನಿಟ್ಟುಸಿರು ಬಿಟ್ಟು ಭುಜದಿಂದ ಹಗ್ಗ ಇಳಿಸಲು ಹೋದ.

"ಇಳಿಸಬೇಡಿ."

"ಏನು?"

"ಅಲ್ಲೇ ನಿಲ್ಲಿ ದೊಡ್ಡಪ್ಪ. ನಾನು ನಿಮ್ಮ ಹಿಂದೆ ನಿಲ್ತೀನಿ. ಇಷ್ಟು ವರ್ಷ ನಮ್ಮಮ್ಮ, ಆಮೇಲೆ ನಾನು, ಮನೆಗೆಲ್ಲ ನಾವೇ ಎಳೆದ್ವಿ. ಪಾಲು ಅಂದ್ಮೇಲೆ ಇದೂ ಪಾಲೇ."

ಅಲೆ ಬರುತ್ತಿತ್ತು, ಮಾತಿಗೆ ಹೊತ್ತಿರಲಿಲ್ಲ. ಮೊಂಡಿ ಅವನ ಬೆನ್ನ ಹಿಂದೆ ಕಾಲೂರಿ ನಿಂತಳು. ಅಮ್ಮನ ರವಿಕೆಯನ್ನು ಮಡಚಿ ತನ್ನ ಭುಜದ ಮೇಲಿಟ್ಟು ಅದರ ಮೇಲೆ ಹಗ್ಗ ತೆಗೆದುಕೊಂಡಳು. ಹಿಂದೆ ಒಬ್ಬೊಬ್ಬರಾಗಿ ಹಗ್ಗ ಎತ್ತಿದರು. ಬೊಬ್ಬೆ ಅಜ್ಜಿ ಕೂಗು ಹಾಕಿದಳು. ಇಡೀ ಸಾಲು ಒಂದೇ ಮೈಯಾಗಿ ಬಾಗಿತು. ದಿಮ್ಮಿ ನರಳಿತು. ಮುಂದಿದ್ದ ಮುದುಕ ಎಡವಿದ, ನರಳಿದ, ಮೂತಿ ಹೊರಳಿದಾಗ ಕಾಲೂರಿದ. ಹಿಂದೆ ಮೊಂಡಿ ತಡೆದಳು. ಯಾರ ಸೊಂಟವೂ ಮುರಿಯಲಿಲ್ಲ.

ದೋಣಿ ಒಣಮರಳಿಗೆ ಬಂದ ಮೇಲೆ ದೊಡ್ಡಪ್ಪ ಅಲ್ಲೇ ಕುಸಿದು ಕೂತ. ಅವನ ಅಂಗಿ ಬಲಭುಜದಲ್ಲಿ ಹರಿದು, ಅಡಿಯಲ್ಲಿ ಚರ್ಮ ಕೆಂಪಗೆ ಸುಲಿದಿತ್ತು. ಅವನು ಅದನ್ನು ಮುಟ್ಟಿ ನೋಡಿಕೊಂಡ, ತನ್ನದಲ್ಲವೇನೋ ಎಂಬಂತೆ.

ಮೊಂಡಿ ಕನ್ನಡಕದಣ್ಣನ ಮುಂದೆ ಕೈ ಚಾಚಿದಳು. ಅವನು ಜೇಬಿನಿಂದ ಬೀಗದ ಕೈ ತೆಗೆದು, ಕೊಡದೆ, ಮರಳಿಗೆ ಎಸೆದ. ಅವಳು ಬಗ್ಗಿ ಎತ್ತಿಕೊಂಡಳು. ಬಗ್ಗುವುದು ಅವಳಿಗೆ ಹೊಸದಲ್ಲ. ಹೋಗುವಾಗ ದೊಡ್ಡಪ್ಪನ ಹತ್ತಿರ ಒಂದು ಗಳಿಗೆ ನಿಂತಳು.

"ಅಂಗಿ ಹಾಗೇ ಬಿಡಬೇಡಿ," ಎಂದಳು. "ದೊಡ್ಡಮ್ಮನಿಗೆ ಹೇಳಿ ತೇಪೆ ಹಾಕಿಸ್ಕೊಳ್ಳಿ. ನಾಳೆ ಮತ್ತೆ ಅಲ್ಲೇ ಹರಿಯುತ್ತೆ."